ಮಾತು ಕೈಗಿಳಿದ ಮೇಲೆ

ಹುರಿದ ಮೆಂತ್ಯದ ವಾಸನೆ ಎಲ್ಲಿಂದ ತೇಲಿ ಬಂದರೂ ನನಗೆ ಇವತ್ತಿಗೂ ಅಜ್ಜಿಯ ದನಿ ಕೇಳಿಸುತ್ತದೆ. ಅಜ್ಜಿ ವಾರಕ್ಕೊಮ್ಮೆ ಮೆಂತ್ಯದ ಹಿಟ್ಟಿಗೆ ಹುರಿಯುತ್ತಿದ್ದಳು. ಎಷ್ಟು ತೊಳೆದರೂ ಆ ವಾಸನೆ ಅವಳ ಅಂಗೈ ಬಿಡುತ್ತಿರಲಿಲ್ಲ. ನಾನು ಶಾಲೆಯಿಂದ ಬಂದವಳೇ ಚೀಲ ಬಿಸಾಡಿ ಆ ಅಂಗೈಯನ್ನು ಎಳೆದು ಕೆನ್ನೆಗೆ ಒತ್ತಿಕೊಂಡರೆ ಅವಳ ಮಾತು ಶುರುವಾಗುತ್ತಿತ್ತು. "ಬಂದ್ಯಾ ನನ್ನ ಗುಬ್ಬಿ? ಇವತ್ತು ಯಾರ ಹತ್ರ ಜಗಳ?" ಕೆನ್ನೆಯಿಂದ ಕೈ ಸರಿಸಿದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ತುಟಿ ಮಾತ್ರ ಆಡುತ್ತಿತ್ತು.

ನಮ್ಮೂರಿನಲ್ಲಿ ಹಾಗೆ. ಎಪ್ಪತ್ತರ ಆಸುಪಾಸಿನಲ್ಲಿ, ಕೆಲವರಿಗೆ ಒಂದೆರಡು ವರ್ಷ ಹಿಂದೆ, ಕೆಲವರಿಗೆ ಮುಂದೆ, ಮಾತು ಕೈಗಿಳಿಯುತ್ತದೆ. ಆಮೇಲೆ ಅವರ ಚರ್ಮ ಮುಟ್ಟಿದವರಿಗೆ ಮಾತ್ರ ಅವರ ದನಿ ಕೇಳಿಸುತ್ತದೆ. ಬಟ್ಟೆಯ ಮೇಲಿಂದ ಮುಟ್ಟಿದರೆ ಇಲ್ಲ, ಎದುರಿಗೆ ಕೂತರೆ ಇಲ್ಲ. ಇದಕ್ಕೆ ಯಾರೂ ಅಳುವುದಿಲ್ಲ. ತಲೆ ನರೆತ ಹಾಗೆ, ಹಲ್ಲು ಉದುರಿದ ಹಾಗೆ, "ಅವರದು ಕೈಗಿಳೀತಂತೆ" ಎಂದು ಹೇಳಿ ಮುಂದಿನ ಮಾತಿಗೆ ಹೋಗುತ್ತಾರೆ.

ಊರು ಅದಕ್ಕೆ ಒಗ್ಗಿಕೊಂಡಿದೆ. ಬಸ್ಸಿನ ಕಂಡಕ್ಟರು ಮುದುಕರ ಮುಂದೆ ನಿಂತಾಗ ಟಿಕೆಟಿನ ಕಟ್ಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಎರಡು ಬೆರಳು ಚಾಚುತ್ತಾನೆ. ತರಕಾರಿಯವಳು ಕಿರುಬೆರಳು ಕೊಡುತ್ತಾಳೆ, ಉಳಿದ ಬೆರಳುಗಳಲ್ಲಿ ತಕ್ಕಡಿ ಇರುತ್ತದಲ್ಲ. ನ್ಯಾಯಾಧೀಶರು ಕುರ್ಚಿಯಿಂದ ಇಳಿದು ಬಂದು ಸಾಕ್ಷಿಯ ಕೈ ಹಿಡಿಯುತ್ತಾರೆ. ದೂರದಿಂದ ಕರೆಯುವುದಕ್ಕೆ ಬಳೆ ಇದೆ. ಮಾತಿಳಿದ ಹೆಂಗಸರು ಮುತ್ತೈದೆಯೋ ವಿಧವೆಯೋ ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ, ಎಲ್ಲರೂ ಕೈತುಂಬ ಗಾಜಿನ ಬಳೆ ತೊಡುತ್ತಾರೆ. ಗಂಡಸರು ಎರಡೆರಡು ಹಿತ್ತಾಳೆ ಕಡಗ ಹಾಕುತ್ತಾರೆ. ಕಿಣಿ ಎಂದರೆ ಯಾರಾದರೂ ಬಂದು ಕೈ ಹಿಡಿಯಬೇಕು.

ಇನ್ನೊಂದು ಪದ್ಧತಿಯನ್ನೂ ಹೇಳಬೇಕು. ಹೊರಗಿನವರು ಬಂದು ಹಿರಿಯರ ಒಂದು ಕೈ ಹಿಡಿದರೆ, ಮನೆಯವರೊಬ್ಬರು ಪಕ್ಕದಲ್ಲಿ ಕೂತು ಇನ್ನೊಂದು ಕೈ ಹಿಡಿಯುತ್ತಾರೆ. ಹಿಡಿಯದಿದ್ದರೆ, ನಿಮ್ಮ ಮಾತು ನನಗೆ ಬೇಡ ಎಂದ ಹಾಗೆ. ಎಷ್ಟು ತಲೆಮಾರಿನಿಂದ ಬಂದದ್ದೋ, ಪ್ರೀತಿಯಿಂದಲೇ ಹುಟ್ಟಿರಬೇಕು. ಅದರಲ್ಲಿ ಏನಾದರೂ ಕೆಡುಕಿದೆ ಎಂದು ಎಪ್ಪತ್ತೆಂಟು ವರ್ಷದಲ್ಲಿ ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿ, ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ವಿಜ್ಞಾನ ಕಲಿಸಿದವಳು. ಹೆಸರು ವನಮಾಲಾ. ಊರಿನ ಅರ್ಧ ಜನಕ್ಕೆ ನಾನು ಮಿಸ್. ಮದುವೆಯಾಗಲಿಲ್ಲ. ಅದಕ್ಕೆ ದೊಡ್ಡ ಕಾರಣವೇನೂ ಇಲ್ಲ, ಒಂದಾದ ಮೇಲೊಂದು ವರ್ಷ ಹೋಯಿತು ಅಷ್ಟೆ. ಸುಣ್ಣದ ಗೂಡಿನ ಬೀದಿಯಲ್ಲಿ ನನ್ನ ದುಡಿಮೆಯಲ್ಲಿ ಕಟ್ಟಿಸಿದ ಮೂರು ಕೋಣೆಯ ಮನೆ. ತೀರಿಕೊಂಡ ನನ್ನ ತಮ್ಮನ ಮಗಳು ಮಂದಾಕಿನಿ ಹತ್ತು ವರ್ಷದ ಹಿಂದೆ ಗಂಡನ ಮನೆ ಬಿಟ್ಟು ಒಂದು ಟ್ರಂಕು, ಒಂದು ಹೊಲಿಗೆ ಯಂತ್ರದ ಜೊತೆ ಬಂದು ಬಾಗಿಲಲ್ಲಿ ನಿಂತಳು. "ನಾಲ್ಕು ದಿನ ಇರ್ತೀನಿ ಅತ್ತೆ," ಎಂದಳು. "ನಲವತ್ತು ವರ್ಷ ಇರು," ಎಂದೆ. ಆಗ ನನ್ನ ಮಾತು ಇನ್ನೂ ಬಾಯಲ್ಲಿತ್ತು.

ಆರು ವರ್ಷದ ಹಿಂದೆ ಅದು ಇಳಿಯಿತು. ಅದೇ ವರ್ಷ ಮೊಣಕಾಲೂ ಹೋಯಿತು. ಅದಾದ ಮೇಲೆ ಕೈ ನಡುಗಲು ಶುರುವಾಗಿ, ಕಪ್ಪು ಹಲಗೆಯ ಮೇಲೆ ದಾರ ಹಿಡಿದ ಹಾಗೆ ಬರೆಯುತ್ತಿದ್ದ ನನ್ನ ಅಕ್ಷರ ಇರುವೆ ಓಡಿದ ಹಾಗಾಯಿತು. ಇದನ್ನು ಈಗ ಜರೀನಾ ಬರೆದುಕೊಳ್ಳುತ್ತಿದ್ದಾಳೆ, ಎಡಗೈಯಲ್ಲಿ ನನ್ನ ಕೈ ಹಿಡಿದು, ಬಲಗೈಯಲ್ಲಿ ಪೆನ್ನು ಹಿಡಿದು. ಅವಳು ಯಾರೆಂದು ಮುಂದೆ ಹೇಳುತ್ತೇನೆ. ಆಗಾಗ ಪೆನ್ನು ನಿಲ್ಲಿಸಿ ನನ್ನ ಮುಖ ನೋಡುತ್ತಾಳೆ. ಮಂದಾಳ ಬಗ್ಗೆ ನಾನು ಒಳ್ಳೆಯ ಮಾತು ಹೇಳಿದಾಗಲೆಲ್ಲ ಹಾಗೆ ನಿಲ್ಲಿಸುತ್ತಾಳೆ.

ಆದರೂ ಒಳ್ಳೆಯದನ್ನೇ ಮೊದಲು ಹೇಳುತ್ತೇನೆ. ಮೊದಲ ವರ್ಷಗಳಲ್ಲಿ ಮಂದಾ ಈಳಿಗೆಮಣೆಯ ಮುಂದೆ ಕೂತು ತರಕಾರಿ ಹೆಚ್ಚುವಾಗ ತನ್ನ ಬರಿಗಾಲನ್ನು ಚಾಚಿ ನನ್ನ ಪಾದದ ಮೇಲೆ ಇಡುತ್ತಿದ್ದಳು. ಕೈ ಬಿಡುವಿಲ್ಲ, ಕಾಲಾದರೂ ಕೇಳಲಿ ಎಂದು. ನಾನು ಹಳೆಯದನ್ನೆಲ್ಲ ಹೇಳುತ್ತಿದ್ದೆ. ಪ್ರಯೋಗಾಲಯದಲ್ಲಿ ಕಪ್ಪೆ ತಪ್ಪಿಸಿಕೊಂಡು ಹೆಡ್ ಮಾಸ್ಟರ ಟೊಪ್ಪಿಗೆಯೊಳಗೆ ಕೂತದ್ದು, ಆಲದ ಬೀಜ ಹಕ್ಕಿಯ ಹೊಟ್ಟೆ ಹೊಕ್ಕು ಹೊರಬಿದ್ದರೇ ಚೆನ್ನಾಗಿ ಮೊಳೆಯುವುದು. ಮಂದಾ ನಕ್ಕಾಗ ಅವಳ ಹೆಬ್ಬೆರಳು ನನ್ನ ಪಾದದ ಮೇಲೆ ಕುಣಿಯುತ್ತಿತ್ತು. "ಅತ್ತೆ, ಬದನೇಕಾಯಿ ಬದ್ಲು ಬೆರಳು ಹೆಚ್ಚಿಸ್ಬಿಡ್ತೀರಿ ನನ್ನ ಕೈಲಿ!"

ಬೆಳಗಿನ ಸ್ನಾನದಿಂದ ರಾತ್ರಿಯ ಹೊದಿಕೆಯವರೆಗೆ ಎಲ್ಲಕ್ಕೂ ಅವಳೇ. ಆರು ವರ್ಷದಲ್ಲಿ ಒಂದು ದಿನದ ರಜೆ ಇಲ್ಲ. ಅವಳ ತಮ್ಮ ಕಂಬಳಿ ಪೇಟೆಯಲ್ಲೇ ಇದ್ದಾನೆ, ವಾರಕ್ಕೊಂದು ದಿನ ಬಂದು ಕೂರುತ್ತೇನೆ ಎಂದಿದ್ದ. ಹಬ್ಬಕ್ಕೆ ಬಂದ, ಹೋಳಿಗೆ ತಿಂದ, "ಅತ್ತೆ ಗಟ್ಟಿಮುಟ್ಟಾಗಿದ್ದಾರೆ," ಎಂದು ನನ್ನನ್ನು ಮುಟ್ಟದೆಯೇ ಹೇಳಿ ಹೋದ. ಹೊಲಿಗೆ ಯಂತ್ರದ ಮೇಲೆ ಮಂದಾ ಒಂದು ಹಳೆಯ ಸೀರೆ ಹೊದಿಸಿದಳು. ಆಮೇಲೆ ಅದರ ಮೇಲೆ ನನ್ನ ಔಷಧಿ, ಬಿಸಿನೀರಿನ ಫ್ಲಾಸ್ಕು, ಮಡಿಚಿದ ಟವೆಲ್ಲುಗಳು ಬಂದು ಕೂತವು. ಯಂತ್ರ ಅಲ್ಲಿದೆಯೆಂಬುದೇ ನಮ್ಮಿಬ್ಬರಿಗೂ ಮರೆತುಹೋಯಿತು. ಅವಳಿಗೆ ಮರೆತಿರಲಿಲ್ಲವೇನೋ.

ಮೊದಲ ಸಲ ಅವಳು ಕೈ ಎಳೆದುಕೊಂಡದ್ದು ಒಂದು ಮಧ್ಯಾಹ್ನ, ತಲೆ ಬಾಚುತ್ತಿದ್ದಾಗ. "ಅತ್ತೆ, ಒಂದು ಗಳಿಗೆ ಸುಮ್ನಿರ್ತೀರಾ? ಬೆಳಿಗ್ಗೆಯಿಂದ ನಿಮ್ಮ ಮಾತು ನನ್ನ ಮೈಯೊಳಗೇ ಓಡಾಡ್ತಿದೆ." ನಾನು ಸುಮ್ಮನಾದೆ. ನಿಜ, ನಾನು ತುಂಬಾ ಮಾತಾಡುತ್ತಿದ್ದೆ. ಕೇಳುವವಳು ಒಬ್ಬಳೇ ಆದಾಗ ಇಡೀ ಊರಿಗೆ ಹಂಚಬೇಕಾದ ಮಾತೆಲ್ಲ ಅವಳ ಮೇಲೇ ಬೀಳುತ್ತದೆ.

ಹಳದಿ ಗ್ಲೌಸು ಬಂದದ್ದು ಔಷಧಿಯಾಗಿ. ಸೋಪಿನ ನೀರಿಗೆ ಮಂದಾಳ ಕೈಗೆ ಇಸುಬು ಹತ್ತಿ, ಬೆರಳ ಸಂದಿಗಳು ಒಡೆದು ನೆತ್ತರು ಜಿನುಗುತ್ತಿತ್ತು. ಡಾಕ್ಟರು ಮುಲಾಮು ಕೊಟ್ಟು, ಕೆಲಸ ಮಾಡುವಾಗ ರಬ್ಬರ್ ಗ್ಲೌಸು ಹಾಕಿಕೋ ಎಂದರು. ಅವಳು ಪಾತ್ರೆಗೆ ಹಾಕಿಕೊಂಡಳು, ಬಟ್ಟೆಗೆ ಹಾಕಿಕೊಂಡಳು. ನನ್ನ ಸ್ನಾನಕ್ಕೂ ಹಾಕಿಕೊಂಡಳು, ಅದೂ ಸೋಪೇ ತಾನೆ. ಸ್ನಾನ ಮುಗಿದ ಮೇಲೆ ಸೀರೆ ಉಡಿಸುವಾಗ ತೆಗೆಯಲು ಮರೆತಳು. ತಲೆ ಬಾಚುವಾಗ ಮರೆತಳು. ಊಟ ಬಡಿಸುವಾಗ ಮರೆತಳು. ಒಂದು ದಿನ ನಾನು ಅವಳ ಮುಖ ನೋಡುತ್ತಾ ಗ್ಲೌಸಿನ ಬೆರಳನ್ನು ಮೆಲ್ಲಗೆ ಜಗ್ಗಿದೆ. ಅವಳು ನನ್ನ ಬೆರಳನ್ನು ಒಂದೊಂದಾಗಿ ಬಿಡಿಸಿದಳು, ಬಟ್ಟೆಯಿಂದ ಮುಳ್ಳು ಬಿಡಿಸುವ ಹಾಗೆ. ಮರೆವಲ್ಲ ಎಂದು ನನಗೆ ತಿಳಿದದ್ದು ಆಗ.

ಇದು ತಪ್ಪೆಂದು ಹೇಳುವ ಕಾನೂನು ನಮ್ಮೂರಲ್ಲಿಲ್ಲ. ಹೊಡೆದರೆ ಗುರುತು ಇರುತ್ತದೆ, ಉಪವಾಸ ಕೆಡವಿದರೆ ಮೈ ಇಳಿಯುತ್ತದೆ. ಗ್ಲೌಸು ಹಾಕಿಕೊಂಡ ಕೈ ಹೊತ್ತಿಗೆ ಸರಿಯಾಗಿ ಅನ್ನ ಹಾಕುತ್ತದೆ, ಗುಳಿಗೆ ಕೊಡುತ್ತದೆ, ದಿಂಬು ಸರಿಮಾಡುತ್ತದೆ.

ನನಗೆ ಬಳೆ ಉಳಿದಿತ್ತು. ಕುಡಿಯುವ ನೀರು ಮುಗಿದರೆ, ಕಾಲು ಜೋಮು ಹಿಡಿದರೆ ಕಿಣಿ ಎನ್ನಿಸುತ್ತಿದ್ದೆ. ನಿಜ ಹೇಳಬೇಕೆಂದರೆ ಏನೂ ಬೇಡವಾದಾಗಲೂ ಎನ್ನಿಸುತ್ತಿದ್ದೆ. ಒಂದು ಬೆಳಿಗ್ಗೆ ಮಂದಾ ಬಂದು ನನ್ನ ಮಣಿಕಟ್ಟಿಗೆ ಸೋಪು ಹಚ್ಚಿ ಆರಾರು ಬಳೆಯನ್ನೂ ಜಾರಿಸಿ ತೆಗೆದಳು. ಒಂದೂ ಒಡೆಯಲಿಲ್ಲ, ಅಷ್ಟು ನಾಜೂಕು. "ಈ ಸದ್ದಿಗೆ ನನ್ನ ತಲೆ ಚಿಟ್ಟು ಹಿಡೀತಿದೆ ಅತ್ತೆ. ನಾನೇ ಬಂದು ನೋಡ್ಕೊಳ್ತೀನಲ್ಲ, ಸದ್ದು ಯಾಕೆ?" ಬಳೆಗಳನ್ನು ಕಾಗದದಲ್ಲಿ ಸುತ್ತಿ ಹೊಲಿಗೆ ಯಂತ್ರದ ಡ್ರಾಯರಿಗೆ ಹಾಕಿದಳು.

ಅವತ್ತಿನಿಂದ ನನ್ನ ಮನೆ ಎಷ್ಟು ನಿಶ್ಶಬ್ದವಾಯಿತೆಂದರೆ ಗೋಡೆಯ ಸುಣ್ಣ ಉದುರುವುದು ಕೇಳಿಸುತ್ತಿತ್ತು. ಕಿಟಕಿಯ ಹೊರಗೆ ಎದುರು ಮನೆಯವರು ಕೈ ಬೀಸುತ್ತಿದ್ದರು. ನಾನೂ ಬೀಸುತ್ತಿದ್ದೆ. ಬೀಸಿದ ಕೈಯಿಂದ ಮಾತು ದಾಟುವುದಿಲ್ಲ. ನಾನು ಒಬ್ಬಳೇ ಪಾಠ ಹೇಳಿಕೊಳ್ಳಲು ಶುರುಮಾಡಿದೆ, ನನ್ನ ಬಲಗೈಯಿಂದ ಎಡಗೈ ಹಿಡಿದುಕೊಂಡು. ಬೇರು, ಕಾಂಡ, ಎಲೆ, ಹೂ. ನನ್ನ ದನಿ ನನಗೆ ಕೇಳಿಸುತ್ತಿತ್ತು. ಆದರೆ ಪ್ರತಿ ವಾಕ್ಯದ ಕೊನೆಗೆ ಮಕ್ಕಳು "ಹೌದು ಮಿಸ್" ಎನ್ನುವ ಜಾಗ ಬರುತ್ತದಲ್ಲ, ಅಲ್ಲಿ ಬಂದು ನಿಂತುಬಿಡುತ್ತಿದ್ದೆ.

ಪುರಸಭೆಯಿಂದ ಮೂರು ತಿಂಗಳಿಗೊಮ್ಮೆ ಕೈ ಕೇಳುವವರು ಬರುತ್ತಾರೆ. ಮನೆಯಲ್ಲಿ ಆರೈಕೆ ಪಡೆಯುವ ಹಿರಿಯರೆಲ್ಲರ ಕೈ ಹಿಡಿದು, ಚೆನ್ನಾಗಿದ್ದೀರಾ ಎಂದು ಕೇಳಿ ಬರೆದುಕೊಂಡು ಹೋಗುವುದು ಅವರ ಕೆಲಸ. ನಮ್ಮ ಬೀದಿಗೆ ಬರುವವಳು ಚೂಡಾಮಣಿ, ನನ್ನ ಹಳೆಯ ವಿದ್ಯಾರ್ಥಿನಿ. ಅವಳು ಬರುವ ದಿನ ನಾನು ಬೆಳಿಗ್ಗೆಯಿಂದ ಹೇಳಬೇಕಾದ್ದನ್ನು ಮನಸ್ಸಿನಲ್ಲಿ ಜೋಡಿಸಿಕೊಂಡೆ. ಚಿಕ್ಕದಾಗಿ, ಯಾರನ್ನೂ ದೂರದೆ, ಗ್ಲೌಸಿನ ವಿಷಯ, ಬಳೆಯ ವಿಷಯ.

"ಮಿಸ್! ಹೇಗಿದ್ದೀರಿ ಮಿಸ್!" ಚೂಡಾಮಣಿ ಬಂದವಳೇ ನನ್ನ ಬಲಗೈ ಹಿಡಿದು ಕೂತಳು. ತೊಡೆಯ ಮೇಲೆ ಅಚ್ಚುಹಾಕಿದ ಹಾಳೆ. ಮಕ್ಕಳ ಬರವಣಿಗೆಯನ್ನು ತಲೆಕೆಳಗಾಗಿ ಓದುವ ಅಭ್ಯಾಸ ನನಗಿನ್ನೂ ಹೋಗಿಲ್ಲ. ನೋಡಿಕೊಳ್ಳುವವರು ಒಬ್ಬರೇ? ಅವರಿಗೆ ಬಿಡುವು ಕೊಡುವವರು ಇದ್ದಾರೆಯೇ? ಅದೇ ಮನೆಯಲ್ಲಿ ವಾಸವೇ, ಬೇರೆ ನೆಲೆ ಇದೆಯೇ? ಹಿರಿಯರು ಹೊರಗೆ ಹೋಗುತ್ತಾರೆಯೇ, ಬೇರೆಯವರು ಬರುತ್ತಾರೆಯೇ? ಆ ಪ್ರಶ್ನೆಗಳನ್ನು ಯಾರು ಬರೆದಿದ್ದರೋ, ನಮ್ಮ ಮನೆಯ ಕಿಟಕಿಯಲ್ಲಿ ನಿಂತು ನೋಡಿ ಬರೆದ ಹಾಗಿತ್ತು. ಚೂಡಾಮಣಿ ಅವುಗಳನ್ನು ಕೇಳಲಿಲ್ಲ. ಹಿಂದಿನ ಸಲದ ಹಾಳೆ ನೋಡಿ ಹಾಗೇ ಇಳಿಸಿಕೊಂಡಳು. ಮಿಸ್ ಮನೆಯಲ್ಲಿ ಕೇಳುವುದೇನು ಎಂದಿರಬೇಕು.

"ಇರಿ, ಬಂದೆ," ಎಂದಳು ಮಂದಾ ಅಡುಗೆಮನೆಯಿಂದ. ಬಂದು, ಪದ್ಧತಿಯಂತೆ ನನ್ನ ಎಡಪಕ್ಕದಲ್ಲಿ ಕೂತು ಗ್ಲೌಸು ತೆಗೆದು ನನ್ನ ಎಡಗೈ ಹಿಡಿದಳು.

ಮೂರು ತಿಂಗಳ ಮೇಲೆ ಬರಿಗೈ. ನಾನು ಜೋಡಿಸಿಟ್ಟಿದ್ದೆಲ್ಲ ಎಲ್ಲಿ ಹೋಯಿತೋ. ಆ ಕೈ ಬಿಸಿಯಾಗಿತ್ತು, ಒರಟಾಗಿತ್ತು, ಬೆರಳ ಸಂದಿಯ ಬಿರುಕುಗಳು ಹುಣಸೆಮರದ ತೊಗಟೆಯ ಹಾಗಿದ್ದವು. ಅಯ್ಯೋ, ಇದಕ್ಕೆ ಯಾರೂ ಎಣ್ಣೆ ಹಚ್ಚಿಲ್ಲವಲ್ಲ ಎನ್ನಿಸಿತು. ಚೂಡಾಮಣಿ ಕೇಳಿದಳು, "ಊಟ ತಿಂಡಿ ಸರಿಯಾಗಿದೆಯಾ ಮಿಸ್? ಏನಾದ್ರೂ ತೊಂದ್ರೆ?" ಎರಡು ಕೈಗೂ ನನ್ನ ದನಿ ಕೇಳಿಸುತ್ತದೆ. ಎಡಗೈಯ ಹಿಡಿತ ಬಿಗಿಯಾಗಲಿಲ್ಲ, ಸಡಿಲವೂ ಆಗಲಿಲ್ಲ. ಸುಮ್ಮನೆ ಕಾಯುತ್ತಿತ್ತು.

"ಎಲ್ಲಾ ಚೆನ್ನಾಗಿದೆ ಕಣಮ್ಮ," ಎಂದೆ.

ಚೂಡಾಮಣಿ ಗುರುತು ಹಾಕಿ ಹೊರಟಳು. ಮಂದಾ ಕೈ ಬಿಡದೆ ಸ್ವಲ್ಪ ಹೊತ್ತು ಹಾಗೇ ಕೂತಿದ್ದಳು. ನಾನೂ ಮಾತಾಡಲಿಲ್ಲ. ಮಾತಾಡಿದರೆ ಎದ್ದು ಹೋಗುತ್ತಾಳೆಂಬ ಭಯ. ಒಳಗೆ ಹಾಲು ಉಕ್ಕಿದ ಸದ್ದಾಯಿತು, ಅವಳು ಗ್ಲೌಸು ಎತ್ತಿಕೊಂಡು ಓಡಿದಳು.

ಅದಾದ ಎರಡು ವಾರಕ್ಕೆ ನಾನು ಬಿದ್ದೆ. ಬಿದ್ದೆ ಎಂದೇ ಬೀದಿಗೆಲ್ಲ ಹೇಳಿದ್ದು. ಬೇಸಿಗೆಯ ಮಧ್ಯಾಹ್ನ, ನನ್ನ ನೀರಿನ ಲೋಟ ಖಾಲಿಯಾಗಿ ಎಷ್ಟೋ ಹೊತ್ತಾಗಿತ್ತು. ಮಂದಾ ಹಾದು ಹೋಗುವಾಗ ನಾನು ಎದ್ದು ನಿಂತು ಗ್ಲೌಸು ಮುಗಿದಲ್ಲಿ, ಮೊಣಕೈಯ ಕೆಳಗೆ, ಬರಿಯ ಚರ್ಮ ಹಿಡಿದುಕೊಂಡೆ. "ನೀರು ಮಂದಾ, ಸ್ವಲ್ಪ ನೀರು," ಎಂದೆ. ಬಿಡಲಿಲ್ಲ. ಸಿಕ್ಕಿತಲ್ಲ ಎಂದು ಎಲ್ಲವನ್ನೂ ಹೇಳತೊಡಗಿದೆ. ಅವಳು "ಬಿಡಿ! ನನ್ನ ಬಿಡಿ ಅತ್ತೆ!" ಎಂದು ಕೊಡವಿದಳು. ಒಮ್ಮೆ ಅಲ್ಲ, ಎರಡು ಸಲ. ಎರಡನೆಯ ಸಲಕ್ಕೆ ನಾನು ಕುರ್ಚಿಯ ಅಂಚಿಗೆ ಕೈ ಬಡಿದುಕೊಂಡು ನೆಲಕ್ಕೆ ಬಿದ್ದೆ. ಎಡ ಮಣಿಕಟ್ಟು ಊದಿತು. ಅವಳು ನನ್ನನ್ನು ಎತ್ತಿ ಮಲಗಿಸಿ ಅಡುಗೆಮನೆಗೆ ಹೋಗಿ ಅತ್ತಳು, ಮೂಗು ಸೀಟಿದ್ದು ಕೇಳಿಸಿತು. ಆಮೇಲೆ ಅರಿಸಿನ ಸುಣ್ಣ ಕಲಸಿ ತಂದು ಹಚ್ಚಿದಳು. ಗ್ಲೌಸು ಹಾಕಿಕೊಂಡೇ.

ಅವತ್ತು ನನಗೆ ಅಮ್ಮನ ನೆನಪು ಬಂತು. ಅಮ್ಮನ ಮಾತು ಇಳಿದಾಗ ನಾನು ನಲವತ್ತರವಳು, ಮನೆಯಲ್ಲಿ ನಾವಿಬ್ಬರೇ. ಒಂದು ವರ್ಷ ಪಬ್ಲಿಕ್ ಪರೀಕ್ಷೆಯ ಉತ್ತರಪತ್ರಿಕೆಗಳ ಗುಡ್ಡೆ ಮುಂದಿಟ್ಟುಕೊಂಡು ಕೂತಾಗ ಅಮ್ಮ ಬಳೆ ಆಡಿಸುತ್ತಲೇ ಇದ್ದಳು. ನಾನು ಅವಳ ಎರಡೂ ಕೈ ಶಾಲಿನೊಳಗೆ ಸೇರಿಸಿ, ಕಿವಿಗೆ ಹತ್ತಿ ಇಟ್ಟುಕೊಂಡೆ. ಹನ್ನೊಂದು ದಿನ. ಹನ್ನೆರಡನೆಯ ದಿನ ನೋಡಿದರೆ ಅಮ್ಮ ತಾನೇ ಬಳೆ ತೆಗೆದು ಗೂಡಿನಲ್ಲಿ ಸಾಲಾಗಿ ಇಟ್ಟಿದ್ದಳು. ಮತ್ತೆ ತೊಡಿಸಿದೆ, ಕ್ಷಮೆಯನ್ನೂ ಕೇಳಿದೆ. "ಬಿಡು, ನಿನಗೆ ಕೆಲಸ ಇತ್ತು," ಎಂದಳು. ಆಮೇಲೆ ಬದುಕಿದ್ದಷ್ಟು ದಿನ ಅವಳು ಬಳೆಯ ಸದ್ದು ಮಾಡಲಿಲ್ಲ.

ಹುಸೇನ್‌ಬಿ ವರ್ಷಕ್ಕೆ ನಾಲ್ಕು ಸಲ ನಮ್ಮ ಬೀದಿಗೆ ಬರುವ ಬಳೆಗಾರ್ತಿ. ಅರವತ್ತೊಂಬತ್ತಾಗಿದೆ, ಮಾತು ಇವತ್ತೋ ನಾಳೆಯೋ ಇಳಿಯಬೇಕು. ಅದಕ್ಕೇ ಇರಬೇಕು, ಬಾಯಿಗೆ ಒಂದು ನಿಮಿಷ ಬಿಡುವಿಲ್ಲ. ಆ ದಿನ ಬಾಗಿಲಲ್ಲಿ ಬುಟ್ಟಿ ಇಳಿಸಿದ ಸದ್ದು ಕೇಳಿ ನಾನು ಸೆರಗಿನೊಳಗಿದ್ದ ಕೈ ಹೊರಗೆ ತೆಗೆದು ಮಡಿಲ ಮೇಲಿಟ್ಟುಕೊಂಡೆ.

"ಬೇಡ ಹುಸೇನ್‌ಬಿ," ಎಂದಳು ಮಂದಾ. "ಅತ್ತೆ ಬಳೆ ತೊಡೋದು ಬಿಟ್ಟಿದಾರೆ."

"ಬಿಟ್ಟಿದಾರಾ? ಯಾರು ಹೇಳಿದ್ದು, ಅವರ ಕೈನಾ?" ಹುಸೇನ್‌ಬಿ ಆಗಲೇ ಹೊಸ್ತಿಲು ದಾಟಿದ್ದಳು. "ಈ ಸುಣ್ಣದ ಬೀದೀಲಿ ಬಳೆ ಇಲ್ಲದ ಅಜ್ಜಿ ಅಂದ್ರೆ ಗಂಟೆ ಇಲ್ಲದ ಸೈಕಲ್ಲು ಕಣವ್ವಾ. ಒಂದು ಲೋಟ ನೀರು ಕೊಡು, ಬಿಸಿಲು ಕೊಂದುಹಾಕ್ತು." ನನ್ನ ಮುಂದೆ ಕೂತು ಬಲಗೈ ಎತ್ತಿಕೊಂಡಳು. ಬಳೆ ಏರಿಸುವ ಮುಂಚೆ ಬೆರಳ ಗೆಣ್ಣುಗಳನ್ನು ನಾದಿ ಮೆತ್ತಗೆ ಮಾಡುವುದು ಅವಳ ಕ್ರಮ. ನಾದುತ್ತಾ, "ಸಲಾಂ ಟೀಚರಮ್ಮಾ, ಏನ್ ಸಮಾಚಾರ?" ಎಂದಳು.

ಮಂದಾ ನೀರು ತಂದಿಟ್ಟು ಗ್ಲೌಸು ಬಿಚ್ಚುತ್ತಾ ನನ್ನ ಎಡಪಕ್ಕಕ್ಕೆ ಬಂದಳು.

"ನೀನು ಆಚೆ ಇರು ತಾಯಿ," ಎಂದಳು ಹುಸೇನ್‌ಬಿ. "ಬಳೆ ತೊಡಿಸೋವಾಗ ಎರಡು ಕೈನೂ ನಂದು. ಇನ್ನೊಬ್ರು ಹಿಡಿದ್ರೆ ಮೈ ಬಿಗಿಯಾಗುತ್ತೆ, ಬಳೆ ಚಟ್ ಅನ್ನುತ್ತೆ. ನಮ್ಮ ಅತ್ತೆ ಕಲಿಸಿದ್ದು. ರಾಣಿ ಬಂದ್ರೂ ಇದೇ ಮಾತು."

ಮಂದಾ ಒಂದು ಕೈಗೆ ಗ್ಲೌಸು, ಒಂದು ಕೈ ಬರಿದು, ಹಾಗೇ ಬಾಗಿಲ ಹತ್ತಿರ ನಿಂತಳು.

ನನಗೆ ಗೊತ್ತಿತ್ತು, ಹೇಳಿದರೆ ಏನಾಗುತ್ತದೆ ಎಂದು. ಮಂದಾ ಈ ಮನೆಯಲ್ಲಿ ಇರುವುದಿಲ್ಲ. ಅವಳಿಗೆ ಬೇರೆ ಮನೆ ಇಲ್ಲ. ನನ್ನನ್ನು ಊರಾಚೆಯ ಹಿರಿಯರ ಮನೆಗೆ ಕಳಿಸಿದರೂ ಕಳಿಸಿಯಾರು. ಅಲ್ಲಿ ನಲವತ್ತು ಜನಕ್ಕೆ ಇಬ್ಬರು ಆಯಾಗಳು, ಒಬ್ಬೊಬ್ಬರ ಕೈ ಹಿಡಿಯುವಷ್ಟರಲ್ಲಿ ಹೊತ್ತು ಮುಳುಗುತ್ತದೆ. ಹೇಳದಿದ್ದರೆ ಏನಾಗುತ್ತದೆ ಎಂಬುದೂ ಗೊತ್ತಿತ್ತು. ಅಮ್ಮ ಸಾಲಾಗಿ ಇಟ್ಟ ಬಳೆಗಳನ್ನು ನೋಡಿದವಳು ನಾನು.

"ಹುಸೇನ್‌ಬಿ," ಎಂದೆ. "ಈ ಮನೇಲಿ ನನ್ನ ಮಾತು ಯಾರಿಗೂ ಕೇಳ್ತಿಲ್ಲ."

ನಾದುತ್ತಿದ್ದ ಬೆರಳು ಒಂದು ಕ್ಷಣವೂ ನಿಲ್ಲಲಿಲ್ಲ. "ಹೌದಮ್ಮಾ ಹೌದು, ಹಸಿರೇ ಚೆಂದ," ಎಂದಳು ಗಟ್ಟಿಯಾಗಿ. "ಎಷ್ಟು ದಿನದಿಂದ ಅಂತೀರಿ ಈ ಬಣ್ಣ?"

"ನಾಲ್ಕು ತಿಂಗಳಾಯಿತು. ಗ್ಲೌಸು ತೆಗೆಯುವುದಿಲ್ಲ. ಬಳೆಯನ್ನೂ ತೆಗೆದಿಟ್ಟಳು."

"ನಾಲ್ಕು ಸಾಕು, ನಾಲ್ಕು ಸಾಕು. ಆ ಕೈ ತೋರಿಸಿ." ಎಡಗೈ ಎತ್ತಿಕೊಂಡಳು. ಮಣಿಕಟ್ಟಿನ ಹಸಿರು ಹಳದಿ ಬಾವನ್ನು ಹೆಬ್ಬೆರಳಿನಿಂದ ಹೂವಿನ ಹಾಗೆ ಮುಟ್ಟಿದಳು. "ಇದಕ್ಕೆ ಬಳೆ ಏರಲ್ಲ. ಏನಿದು?"

"ಬಿದ್ದೆ," ಎಂದೆ. ಆಮೇಲೆ, "ಅವಳು ಕೊಡವಿದಳು. ನಾನು ಬಿಡಲಿಲ್ಲ. ಅವಳು ಕೊಡವಿದಳು," ಎಂದೆ. "ಅವಳನ್ನು ಬೈಯಬೇಡ. ಆರು ವರ್ಷದಿಂದ ಒಬ್ಬಳೇ. ನಾನೂ ನನ್ನಮ್ಮನಿಗೆ ಇದೇ ಮಾಡಿದ್ದೆ."

ಹುಸೇನ್‌ಬಿ ಬುಟ್ಟಿಯ ಮೇಲೆ ಬಾಗಿದಳು, ಬಳೆ ಹುಡುಕುವ ಹಾಗೆ. ಬಗ್ಗಿದಲ್ಲೇ, ಬಾಗಿಲಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದಳು: "ನಿಮ್ಮ ಕರುಣೆ ಹಿಂಗೇ ಕೂತ್ರೆ ಮುಂದಿನ ಸಲ ಸೊಂಟ ಮುರಿಯುತ್ತೆ ಟೀಚರಮ್ಮಾ. ಅವಳಿಗೆ ಕಷ್ಟ ಇರೋದೂ ನಿಜ, ನಿಮಗೆ ಪೆಟ್ಟಾಗಿರೋದೂ ನಿಜ. ಒಂದರಲ್ಲಿ ಒಂದನ್ನ ಕಳೀಬೇಡಿ."

ಮೂವತ್ತೊಂದು ವರ್ಷ ಪಾಠ ಹೇಳಿದ ನನಗೆ ಅಷ್ಟು ಸ್ಪಷ್ಟವಾಗಿ ಯಾರೂ ಏನನ್ನೂ ಹೇಳಿಕೊಟ್ಟಿರಲಿಲ್ಲ.

ಬಲಗೈಗೆ ಆರು ಹಸಿರು ಬಳೆ ಏರಿಸಿ ಹುಸೇನ್‌ಬಿ ಎದ್ದಳು. ಮಂದಾಳ ಮುಂದೆ ಹೋಗಿ ಕೈ ಚಾಚಿದಳು. "ತಾ, ನಿನ್ನ ಕೈ."

"ನನಗೆ ಬೇಡ."

"ಬಳೆಗಲ್ಲ. ತಾ."

ಮಂದಾಳ ಬರಿಗೈಯನ್ನು ಅವಳೇ ತೆಗೆದುಕೊಂಡಳು. ಇನ್ನೊಂದು ಕೈಯ ಗ್ಲೌಸನ್ನು ತಿರುವಿ ಎಳೆದು ನೆಲಕ್ಕೆ ಹಾಕಿದಳು. ಬಿರುಕುಗಳನ್ನು ನೋಡಿ ನಾಲಿಗೆ ಲೊಚಗುಟ್ಟಿದಳು. ಮಂದಾ ಬಾಯಿ ಬಿಗಿಹಿಡಿದು ನಿಂತಿದ್ದವಳು ಇದ್ದಕ್ಕಿದ್ದಂತೆ, "ನನ್ನ ಕೈ ಯಾರಾದ್ರೂ ಹಿಡಿದು ಎಷ್ಟು ವರ್ಷ ಆಯ್ತು ಗೊತ್ತಾ ನಿಮಗೆ?" ಎಂದಳು. ಕೋಪದಲ್ಲಿ ಶುರುವಾದದ್ದು ಕೋಪದಲ್ಲಿ ಮುಗಿಯಲಿಲ್ಲ.

"ಗೊತ್ತಿಲ್ಲವ್ವಾ. ನೀನೂ ಹೇಳಲಿಲ್ಲ, ನಾವೂ ಕೇಳಲಿಲ್ಲ," ಎಂದಳು ಹುಸೇನ್‌ಬಿ. ಕೈ ಬಿಡದೆಯೇ ಮುಂದುವರಿಸಿದಳು, "ಅಮ್ಮಾವ್ರು ನಂಗೆ ಹೇಳಿದಾರೆ. ನಾನು ಕೇಳಿಸ್ಕೊಂಡಿದೀನಿ. ಕೇಳಿಸ್ಕೊಂಡ ಮೇಲೆ ಸುಮ್ಮನಿರೋ ಹೆಂಗಸಲ್ಲ ನಾನು. ನಿನ್ನ ಮುಖದ ಮುಂದೇನೇ ಹೇಳ್ತಿದೀನಿ, ಹಿಂದಿಂದ ಅಲ್ಲ."

ಮಂದಾ ನನ್ನ ಕಡೆ ನೋಡಿದಳು. ಆ ನೋಟ ಹೇಗಿತ್ತೆಂದು ಜರೀನಾ ಕೈಲಿ ಬರೆಸಲು ನನಗೆ ಬರುವುದಿಲ್ಲ. ನಾನು ಕಣ್ಣು ಕೆಳಗೆ ಮಾಡಲಿಲ್ಲ, ಅಷ್ಟು ಹೇಳಬಲ್ಲೆ.

ಮರುದಿನವೇ ಚೂಡಾಮಣಿ ಬಂದಳು. ಎರಡೂ ಕೈಯನ್ನು ತಾನೇ ಹಿಡಿದು ಕೂತಳು. ಹಾಳೆಯ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿದಳು. ಕೊನೆಗೆ, "ನಾನು ಆವತ್ತೇ ಕೇಳಬೇಕಿತ್ತು ಮಿಸ್," ಎಂದು ಹೋಮ್‌ವರ್ಕ್ ಮರೆತ ಹುಡುಗಿಯ ಹಾಗೆ ತಲೆ ತಗ್ಗಿಸಿದಳು. ಈಗ ಅವಳು ಎಲ್ಲ ಮನೆಗಳಲ್ಲೂ ಎರಡೂ ಕೈ ತಾನೇ ಹಿಡಿಯುತ್ತಾಳಂತೆ. ಮರ್ಯಾದೆಗೆಟ್ಟವಳು ಎಂದು ಕೆಲವು ಮನೆಗಳಲ್ಲಿ ಬೈಯುತ್ತಾರಂತೆ.

ಮಂದಾಳಿಗೆ ಪುರಸಭೆ ಹೇಳಿದ್ದು ಇಷ್ಟು: ಇನ್ನು ಮುಂದೆ ಅವಳು ಒಬ್ಬಳೇ ನನ್ನನ್ನು ನೋಡಿಕೊಳ್ಳುವಂತಿಲ್ಲ, ಸದ್ಯಕ್ಕೆ ಈ ಮನೆಯಲ್ಲಿ ಇರುವಂತೆಯೂ ಇಲ್ಲ. ಬೇರೆಯವರಿದ್ದಾಗ ಬಂದು ಹೋಗಬಹುದು. ಅವಳು ಟ್ರಂಕು ತೆಗೆದುಕೊಂಡಳು. ಹೊಲಿಗೆ ಯಂತ್ರದ ಮೇಲಿನ ಔಷಧಿ, ಫ್ಲಾಸ್ಕು, ಟವೆಲ್ಲುಗಳನ್ನು ಮೇಜಿನ ಮೇಲೆ ಅದೇ ಕ್ರಮದಲ್ಲಿ ಜೋಡಿಸಿಟ್ಟು, ಯಂತ್ರವನ್ನು ಗಾಡಿಗೆ ಏರಿಸಿದಳು. ಹತ್ತಿಯಂಗಡಿ ಓಣಿಯಲ್ಲಿ ಅವಳ ಹಳೆಯ ಗೆಳತಿಯ ಕೋಣೆ ಇದೆ, ಅಲ್ಲಿಗೆ ಹೋದಳು. ಹೋಗುವಾಗ ನನ್ನನ್ನು ಮುಟ್ಟಲಿಲ್ಲ. ಡ್ರಾಯರಿನಲ್ಲಿದ್ದ ಹಳೆಯ ಬಳೆಗಳನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟು ಹೋದಳು, ಕಾಗದ ಬಿಚ್ಚಿ.

ನನ್ನನ್ನು ಹಿರಿಯರ ಮನೆಗೆ ಕಳಿಸಲಿಲ್ಲ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಹುಸೇನ್‌ಬಿಯ ಸೊಸೆ ಜರೀನಾ ಬರುತ್ತಾಳೆ, ಆಮೇಲೆ ಪುರಸಭೆಯ ಇನ್ನೊಬ್ಬಾಕೆ, ಅವಳು ರಾತ್ರಿಯೂ ಇಲ್ಲೇ ಮಲಗುತ್ತಾಳೆ. ಭಾನುವಾರಕ್ಕೆ ಎದುರು ಮನೆಯವರು ಸರದಿ ಹಾಕಿಕೊಂಡಿದ್ದಾರೆ. ಕೈ ಬೀಸುತ್ತಿದ್ದವರು ಈಗ ಬೀದಿ ದಾಟಿ ಬರುತ್ತಾರೆ. ಎಲ್ಲರೂ ನನ್ನ ಕೈ ಹಿಡಿಯುತ್ತಾರೆ. ನನ್ನ ಮಾತು ಎಲ್ಲರಿಗೂ ಕೇಳಿಸುತ್ತದೆ. ಜರೀನಾ ನಕ್ಕರೆ ಅವಳ ಹೆಬ್ಬೆರಳು ಕುಣಿಯುವುದಿಲ್ಲ, ಅದು ಅವಳ ತಪ್ಪಲ್ಲ. ಮಧ್ಯಾಹ್ನ ಅವಳು ಹೋಗಿ ಇನ್ನೊಬ್ಬಾಕೆ ಬರುವ ನಡುವೆ ಒಂದು ಗಂಟೆ ಮನೆ ಖಾಲಿ. ಆಗ ನಾನು ಕಪ್ಪೆಯ ಕಥೆಯನ್ನು ನನ್ನ ಪಾದಗಳಿಗೆ ಹೇಳುತ್ತೇನೆ.

"ಅವಳನ್ನು ಕ್ಷಮಿಸಿದ್ದೀರಾ?" ಎಂದು ಜರೀನಾ ಒಮ್ಮೆ ಕೇಳಿದಳು. ಗೊತ್ತಿಲ್ಲ ಎಂದೆ. ಮಣಿಕಟ್ಟು ಮಳೆಯ ತಂಪಿಗೆ ಇನ್ನೂ ನೋಯುತ್ತದೆ. ಎಳ್ಳೆಣ್ಣೆ ಕಾಯಿಸಿದ ವಾಸನೆ ಬಂದರೆ, ಇದನ್ನು ಅವಳ ಬೆರಳ ಸಂದಿಗೆ ಹಚ್ಚಬೇಕಿತ್ತು ಎನ್ನಿಸುತ್ತದೆ. ಎರಡೂ ನಿಜ. ಒಂದರಲ್ಲಿ ಒಂದನ್ನು ಕಳೆಯುವುದನ್ನು ಬಿಟ್ಟಿದ್ದೇನೆ.

ಮೊನ್ನೆ, ಅವಳು ಹೋಗಿ ನಲವತ್ತು ದಿನವಾದ ಮೇಲೆ, ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ಬಾಗಿಲು ಬಡಿದ ಸದ್ದಾಯಿತು. ಜರೀನಾ ತೆಗೆದು, ಪಕ್ಕಕ್ಕೆ ಸರಿದು, ಹೋಗದೆ ಅಲ್ಲೇ ನಿಂತಳು. ಮಂದಾ ಒಳಗೆ ಬಂದಳು. ಸೆರಗಿಗೆ ದಾರದ ಎಳೆಗಳು ಅಂಟಿದ್ದವು. ಕೈಯಲ್ಲಿ ಸ್ಟೀಲಿನ ಡಬ್ಬಿ. ಅದರೊಳಗೆ ಏನಿದೆಯೆಂದು ಮುಚ್ಚಳ ತೆಗೆಯದೆಯೇ ನನಗೆ ಗೊತ್ತಾಯಿತು. ಹುರಿದ ಮೆಂತ್ಯ, ಎಪ್ಪತ್ತು ವರ್ಷದಿಂದ ಗೊತ್ತಿರುವ ವಾಸನೆ. ಮಾಡುವುದನ್ನು ಅವಳಿಗೆ ಕಲಿಸಿದವಳೂ ನಾನೇ, ಅವಳ ಕಾಲು ನನ್ನ ಪಾದದ ಮೇಲಿದ್ದ ದಿನಗಳಲ್ಲಿ.

ಅವಳು ಹತ್ತಿರ ಬಂದಳು. ಡಬ್ಬಿಯನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದಳು. ನಾನು ಎರಡೂ ಕೈ ಚಾಚಿ ತೆಗೆದುಕೊಂಡೆ. ಬಿಸಿ ತಳದ ಕೆಳಗೆ ಅವಳ ಬರಿಯ ಬೆರಳುಗಳ ಮೇಲೆ ನನ್ನ ಬೆರಳು ಬಂದವು. ಬಿರುಕುಗಳು ಮುಚ್ಚಿದ್ದವು.

"ನಿಂದು ಊಟ ಆಯ್ತಾ?" ಎಂದೆ.

ಅವಳು ಇಲ್ಲ ಎಂದು ತಲೆಯಾಡಿಸಿದಳು. ಡಬ್ಬಿ ನನ್ನ ಕೈಗೆ ಬಂದಿತ್ತು. ಅದರ ಕೆಳಗಿನಿಂದ ತನ್ನ ಬೆರಳುಗಳನ್ನು ಅವಳು ಇನ್ನೂ ತೆಗೆದಿರಲಿಲ್ಲ.